ಐದು ಸ್ಟಾರಿನ ಕಕ್ಕಸು

ತನ್ನ ಚೂಡಿದಾರದಿಂದ ಫಿನಾಯಿಲ್ ವಾಸನೆ ಬರುತ್ತದೋ ಏನೋ ಎಂಬುದು ಭಾನುಪ್ರಿಯಳ ಚಿಂತೆ. ಯಾರಿಗೂ ಹೇಳುವಂಥದ್ದಲ್ಲ. ಡೈರಿಗೆ ಮಾತ್ರ ಹೇಳಿದ್ದಳು, ಅದೂ ಅರ್ಧ ಸಾಲು: 'ಇವತ್ತೂ ಬಂತು ಅನಿಸುತ್ತೆ.' ಏನು ಬಂತು, ಎಲ್ಲಿಂದ ಬಂತು ಎಂದು ಬರೆಯುವ ಧೈರ್ಯ ಡೈರಿಯ ಮುಂದೆಯೂ ಇರಲಿಲ್ಲ. ಅವ್ವನ ಸೀರೆ, ಇವಳ ಚೂಡಿದಾರ ಎರಡೂ ಒಂದೇ ಹಗ್ಗದ ಮೇಲೆ ಒಣಗಬೇಕು. ಅವ್ವ ಬೋರಮ್ಮ ಶಾಲೆಯ ಕಕ್ಕಸು ತೊಳೆದು ಬರುವವಳು. ಮಗಳು ಬಿ.ಎ. ಮುಗಿಸಿ ಸೈಟು ಮಾರುವ ಆಫೀಸಿನಲ್ಲಿ ಏಸಿ ಕೆಳಗೆ ಕೂರುವವಳು. ಏಸಿ ಗಾಳಿಗೆ ವಾಸನೆ ಮೇಲೇಳುತ್ತದೆಂದು ಅವಳ ಅನುಮಾನ. ಅದಕ್ಕೇ ಗಿರಾಕಿ ಒಳಗೆ ಬಂದರೆ ಕುರ್ಚಿಯನ್ನು ಗೋಡೆಗೆ ತಾಗುವವರೆಗೆ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಳು. ಕಂಡವರು 'ಹುಡುಗಿ ಬಲು ಸಂಭಾವಿತೆ' ಎಂದರು.

ಆಫೀಸು ಇದ್ದದ್ದು ಕಲ್ಲುದೊಣೆಪಾಳ್ಯದ ಗೇಟಿನಲ್ಲಿ. ಮಾಗಡಿಯಿಂದ ಗುಡೇಮಾರನಹಳ್ಳಿ ಕಡೆಗೆ ಹೋಗುವ ದಾರಿ. ಹೋದ ವರ್ಷದವರೆಗೆ ರಾಗಿ ಬೆಳೆಯುತ್ತಿದ್ದ ಹೊಲ ಈಗ ಬಿಳಿ ಬಣ್ಣ ಬಳಿದ ಕಲ್ಲು ಬೆಳೆಯುತ್ತಿತ್ತು. ಬದಿಗೆ ಎರಡಾಳೆತ್ತರದ ಜಾಹೀರಾತು ಫಲಕ. 'ವಿದ್ಯಾಶಿಖರ ಎನ್‌ಕ್ಲೇವ್. ಐದು ಸ್ಟಾರ್ ಶಾಲೆಗೆ ಕೂಗಳತೆ. ನಿಮ್ಮ ಮಗುವಿನ ಭವಿಷ್ಯಕ್ಕೆ ಇಲ್ಲೇ ಅಡಿಪಾಯ.' ಫಲಕದ ಒಂದು ಮೂಲೆಯಲ್ಲಿ ಸಾವನದುರ್ಗ, ಇನ್ನೊಂದು ಮೂಲೆಯಲ್ಲಿ ಕೋಟು ಟೈ ತೊಟ್ಟ ಒಂದು ಬೆಳ್ಳನೆಯ ಮಗು. ಬೆಟ್ಟವನ್ನು ಊರಿನವರು ದಿನಾ ನೋಡುತ್ತಾರೆ. ಆ ಮಗುವನ್ನು ಮಾತ್ರ ಇದುವರೆಗೆ ಯಾರೂ ಕಂಡಿಲ್ಲ.

ಲೇಔಟಿನ ಯಜಮಾನರು ಬೆಂಗಳೂರಿನಲ್ಲಿದ್ದರು. ಇಲ್ಲಿ ಎಲ್ಲವೂ ನಟರಾಜುವೇ. ಊರಿನ ಜಮೀನಿನ ಮನೆತನದವನು. ಶಾಲೆಯ ಎಸ್‌ಡಿಎಂಸಿ ಎಂಬ ಅಭಿವೃದ್ಧಿ ಸಮಿತಿಯ ಅಧ್ಯಕ್ಷನೂ ಅವನೇ, ಲೇಔಟಿನ ಪಾಲುದಾರನೂ ಅವನೇ. ಬೆಳಿಗ್ಗೆ ಶಾಲೆಯ ಅಭಿವೃದ್ಧಿ ನೋಡುತ್ತಿದ್ದ, ಮಧ್ಯಾಹ್ನ ಆ ಅಭಿವೃದ್ಧಿಯನ್ನು ಮಾರುತ್ತಿದ್ದ. ಹಸುವನ್ನೂ ತಾನೇ ಮೇಯಿಸಿ, ಹಾಲನ್ನೂ ತಾನೇ ಕರೆದು, ನೀರನ್ನೂ ತಾನೇ ಬೆರೆಸುವ ಅಚ್ಚುಕಟ್ಟು ಗಂಡಸು.

"ಏನವ್ವ ಭಾನು, ಮೂಗಿ ಕುಂತಂಗೆ ಕುಂತ್ಕಂಡ್ರೆ ಸೈಟು ಓಯ್ತವಾ?" ಎನ್ನುತ್ತಿದ್ದ. "ಒಸಿ ಬಾಯಿ ಬುಡು. ಫೋನ್ ಬಂದ್ರೆ ಮೊದ್ಲು ಏನನ್ಬೇಕು?"

"ನಮಸ್ಕಾರ, ವಿದ್ಯಾಶಿಖರ."

"ಆಮೇಲೆ?"

"ಐದು ಸ್ಟಾರ್ ಶಾಲೆ ಪಕ್ಕ."

"ಅದ್ನ ಒಸಿ ನಗ್ತಾ ಏಳು. ಸಾವಿನ ಸುದ್ದಿ ಏಳ್ದಂಗೆ ಏಳ್ತೀಯಲ್ಲ."

ನಗುತ್ತಾ ಹೇಳಲು ಅವಳಿಗೆ ಬರಲಿಲ್ಲ. ಫೋನಿನ ಆ ಕಡೆಯವರು ಕೇಳುತ್ತಿದ್ದರು: "ಸ್ಕೂಲು ಸಿಬಿಎಸ್‌ಇ ನಾ? ಸ್ವಿಮ್ಮಿಂಗ್ ಪೂಲ್ ಇದೆಯಾ?" ಶಾಲೆಯಲ್ಲಿ ಇದ್ದದ್ದು ಹೆಂಚಿನ ಎರಡು ಕೋಣೆ, ಒಂದು ಆರ್‌ಸಿಸಿ ಕೋಣೆ, ಇಬ್ಬರು ಮೇಷ್ಟ್ರು. ಅವರಲ್ಲಿ ಒಬ್ಬರು ಯಾವಾಗಲೂ ಯಾವುದಾದರೊಂದು ಗಣತಿಗೆ ಹೋಗಿರುತ್ತಿದ್ದರು. ಮಳೆ ಬಂದರೆ ಅಂಗಳದಲ್ಲಿ ನೀರು ನಿಲ್ಲುತ್ತಿತ್ತು, ಅದನ್ನೇ ಸ್ವಿಮ್ಮಿಂಗ್ ಪೂಲ್ ಎಂದರೆ ಅದೂ ಇತ್ತು. ಭಾನುಪ್ರಿಯ ಅದೇ ಶಾಲೆಯಲ್ಲಿ ಕಲಿತವಳು. "ಸರ್ ಹತ್ತಿರ ಮಾತಾಡಿ" ಎಂದು ನಟರಾಜುವಿಗೆ ಫೋನು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದಳು.

ಹಾಗಾದರೆ ಐದು ಸ್ಟಾರ್ ಸುಳ್ಳೇ ಎಂದು ಕೇಳಬೇಡಿ. ಸುಳ್ಳಲ್ಲ. ಅದೇ ತಮಾಷೆ.

ಹಿಂದಿನ ವರ್ಷ ಯಾವುದೋ ನೈರ್ಮಲ್ಯ ಯೋಜನೆಯವರು ಹೇಳದೆ ಕೇಳದೆ ಬಂದು ಶಾಲೆಗಳ ಕಕ್ಕಸು ನೋಡಿಕೊಂಡು ಹೋಗಿದ್ದರು. ಕಲ್ಲುದೊಣೆಪಾಳ್ಯದ ಕಕ್ಕಸು ನೋಡಿ ಒಬ್ಬ ಅಧಿಕಾರಿ ಚಪ್ಪಲಿ ಬಿಟ್ಟು ಒಳಗೆ ಹೋದನಂತೆ. ಕೆಲವು ವಾರದ ಮೇಲೆ ಪ್ರಶಸ್ತಿ ಬಂತು. ತಗಡಿನ ಬೋರ್ಡು, ಮೇಲೆ ಗಂಡಭೇರುಂಡ, ನಡುವೆ ಐದು ನಕ್ಷತ್ರ, ಕೆಳಗೆ ಸಣ್ಣಗೆ 'ಶೌಚಾಲಯ ನೈರ್ಮಲ್ಯಕ್ಕಾಗಿ'. ಜೊತೆಗೆ ಸೂಚನೆ: ಇದನ್ನು ಶೌಚಾಲಯದ ಗೋಡೆಗೆ ಹೊಡೆಯತಕ್ಕದ್ದು.

ಅಲ್ಲಿ ಊರು ನಿಂತುಹೋಯಿತು. ಎಸ್‌ಡಿಎಂಸಿ ಸಭೆ ಸೇರಿತು.

"ಗಂಡಭೇರುಂಡ ಐತೆ ಕಣ್ರಲಾ," ಎಂದ ನಟರಾಜು. "ಸರ್ಕಾರದ ಮುದ್ರೆ. ತಕ್ಕೊಂಡೋಗಿ ಕಕ್ಕಸಿನ ಗೋಡೆಗೆ ಬಡಿಯಾಕಾಯ್ತದಾ? ಮೈಲಿಗೆ ಅಲ್ವಾ?"

"ಸೂಚನೆ ಹಾಗಿದೆಯಲ್ಲ," ಎಂದರು ಹೆಡ್‌ಮೇಷ್ಟ್ರು ಬಸವಕುಮಾರ್. ಸಾಧು ಮನುಷ್ಯ. ಯಾರು ಕೊನೆಗೆ ಮಾತಾಡುತ್ತಾರೋ ಅವರ ಮಾತಿಗೆ ಒಪ್ಪುವುದು ಅವರ ರೂಢಿ.

"ಸೂಚನೆ ಬರ್ದೋನು ಮನೇಲಿ ದೇವ್ರ ಪಟಾನ ಎಲ್ಲಿ ನೇತಾಕವ್ನೆ ಕೇಳಿ ಮೇಷ್ಟ್ರೇ."

ಬಸವಕುಮಾರ್ ಒಪ್ಪಿದರು. ಬೋರ್ಡನ್ನು ಶಾಲೆಯ ಮುಂಬಾಗಿಲಿಗೆ, ಸರಸ್ವತಿ ಪಟದ ಪಕ್ಕಕ್ಕೆ ಹೊಡೆದರು. ಅರಿಶಿನ ಕುಂಕುಮ ಹಚ್ಚಿದರು. ಮೇಲೊಂದು ಪ್ಲಾಸ್ಟಿಕ್ ಮಾವಿನ ತೋರಣ ಎಳೆದರು. ತೋರಣ ಜೋತು ಸರಿಯಾಗಿ 'ಶೌಚಾಲಯ' ಎಂಬ ಸಾಲಿನ ಮೇಲೆ ಬಿತ್ತು. ಮಾರನೆಯ ವಾರ ಲೇಔಟಿನ ಫೋಟೋದವನು ಬಂದು ಬಾಗಿಲಿನ ಚಿತ್ರ ಹಿಡಿದುಕೊಂಡು ಹೋದ. ಹೀಗೆ ಕಕ್ಕಸಿನ ನಕ್ಷತ್ರ ಶಾಲೆಗೆ ಬಂತು, ಶಾಲೆಯಿಂದ ಸೈಟಿಗೆ ಹೋಯಿತು. ಯಾರೂ ಸುಳ್ಳಾಡಲಿಲ್ಲ. ಮಡಿ ಮಾಡಿದರು, ಅಷ್ಟೆ.

ಬೋರ್ಡಿನ ಪೂಜೆಯ ದಿನ ಬೋರಮ್ಮನಿಗೂ ಹೇಳಿಕೆ ಬಂದಿತ್ತು. ಬೆಳಿಗ್ಗೆ ಬೇಗ ಬಂದು ತೊಳೆದು, ಜನ ಸೇರುವ ಮುಂಚೆ ಹೊರಟುಬಿಡಬೇಕು ಎಂದು.

ಅವಳ ಕೆಲಸ ತೊಳೆಯುವುದಲ್ಲ. ಸರ್ಕಾರದ ಕಾಗದದಲ್ಲಿ ಅವಳು ಈಗಲೂ ಬಿಸಿಯೂಟದ ಅಡುಗೆ ಸಹಾಯಕಿ. ಕಾಲೋನಿಯ ಒಬ್ಬರನ್ನು ತೆಗೆದುಕೊಳ್ಳಲೇಬೇಕೆಂದು ಮೇಲಿನಿಂದ ಬಂದಾಗ ತೆಗೆದುಕೊಂಡಿದ್ದರು. ಮೊದಲ ದಿನ ಬೋರಮ್ಮ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಮನೆಯಿಂದಲೇ ತನ್ನ ಈಳಿಗೆಮಣೆ ಹಿಡಿದುಕೊಂಡು ಹೋಗಿದ್ದಳು. ಕುಂಬಳಕಾಯಿ ಹೆಚ್ಚಿ ಸಾರಿಗೆ ಹಾಕಿದಳು. ಅವತ್ತು ಊರಿನ ಮಕ್ಕಳಿಗೆಲ್ಲ ಒಟ್ಟಿಗೇ ಹೊಟ್ಟೆನೋವು. ಕಾಲೋನಿಯ ಮಕ್ಕಳು ಮಾತ್ರ ಎರಡೆರಡು ಸಲ ಬಡಿಸಿಕೊಂಡು ಉಂಡವು, ಅವುಗಳ ಹೊಟ್ಟೆಗೆ ಏನೂ ಆಗಲಿಲ್ಲ. ಸಂಜೆ ಸಭೆ. ಜಾತಿ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಊರು ಅಷ್ಟು ಮುಂದುವರಿದಿತ್ತು.

"ನಿನ್ನ ಕೈಯಿ ಖಾರ ಜಾಸ್ತಿ ಕಣಮ್ಮಿ ಬೋರಮ್ಮ," ಎಂದಿದ್ದ ನಟರಾಜು. "ಮಕ್ಳಿಗೆ ತಡಿಯಾಕಿಲ್ಲ. ನೀನು ಆ ಕಡೀಕೆ ನೋಡ್ಕೊ."

ಕುಂಬಳಕಾಯಿಯಲ್ಲಿ ಖಾರ ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ಆ ಕಡೆ ಎಂದರೆ ಕಕ್ಕಸು. ಅದರ ನಲ್ಲಿಯಲ್ಲಿ ನೀರು ಬರುವುದಿಲ್ಲ. ಬೋರ್‌ವೆಲ್ಲಿನಿಂದ ಹೊತ್ತು ತರಬೇಕು. ಆಸಿಡ್ಡು ಸುರಿದು ಮುಖ ಆಚೆ ತಿರುಗಿಸಿ, ಕುಕ್ಕರುಗಾಲಿನಲ್ಲಿ ಕೂತು ತೆಂಗಿನ ನಾರಿನಿಂದ ಉಜ್ಜಬೇಕು. ಬ್ರಷ್ಷು ಮುರಿದು ಹೋಗಿತ್ತು, ಹೊಸದು ತರಿಸುತ್ತೇವೆಂದರು, ತರಿಸಲಿಲ್ಲ. ಅವಳ ಅಂಗೈ ಬಿರಿಯಿತು. ಉಗುರಿನ ಸಂದು ಬೆಳ್ಳಗಾಯಿತು. ಮನೆಯಲ್ಲಿ ಮುದ್ದೆ ಕಟ್ಟುವಾಗ ಬಿಸಿ ತಾಗಿದರೆ ಹಲ್ಲು ಕಚ್ಚುತ್ತಿದ್ದಳು. ಹೀಗೆ ಉಜ್ಜಿ ಉಜ್ಜಿ ಮೈಲಿಗೆಯ ಜಾಗವನ್ನು ಅವಳು ಎಷ್ಟು ಬಿಳಿ ಮಾಡಿದಳೆಂದರೆ ಅಧಿಕಾರಿ ಚಪ್ಪಲಿ ಬಿಟ್ಟ. ಅಡುಗೆಮನೆಯ ಹೊಸ್ತಿಲು ಮಾತ್ರ ಅವಳಿಗೆ ಬಿಳಿಯಾಗಲಿಲ್ಲ.

ನಕ್ಷತ್ರ ಬಂದ ಮೇಲೆ ನಟರಾಜುವಿಗೆ ಹೊಸ ಚಿಂತೆ ಹತ್ತಿತು. ನಕ್ಷತ್ರ ಉಳಿಯಬೇಕು. ಉಳಿಯಬೇಕೆಂದರೆ ಕಕ್ಕಸು ಹೀಗೇ ಇರಬೇಕು. ಹೀಗೇ ಇರಬೇಕೆಂದರೆ ಮಕ್ಕಳು ಒಳಗೆ ಹೋಗಬಾರದು. ಅವನು ಬೀಗ ಜಡಿಸಿದ. ಬೀಗದ ಕೈ ಸೈಟಿನ ಆಫೀಸಿಗೆ ಬಂತು. ಭಾನುವಾರ ಬೆಂಗಳೂರಿನಿಂದ ಟಿಟಿ ಗಾಡಿಯಲ್ಲಿ ಗಿರಾಕಿಗಳು ಬರುವ ಮುಂಚೆ ಬೋರಮ್ಮ ತೊಳೆಯಬೇಕು, ಅವರು ನೋಡಿ ಹೋದ ಮೇಲೆ ಮತ್ತೆ ಬೀಗ. ಸೋಮವಾರದಿಂದ ಮಕ್ಕಳು ಹಿಂದಿನ ಲಂಟಾನದ ಪೊದೆಗೆ. ದೊಡ್ಡ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟರು. ಶಾಲೆಗೆ ರಜೆ ಇದ್ದಾಗ ಮಾತ್ರ ತೆರೆಯುವ ಕಕ್ಕಸು ಲೋಕದಲ್ಲಿ ಇದೊಂದೇ ಇರಬೇಕು. ಐದು ಸ್ಟಾರ್ ಸುಮ್ಮನೆ ಬರುತ್ತದೆಯೇ?

ಬಂದ ಗಿರಾಕಿಗಳು ಕಪ್ಪು ಕನ್ನಡಕ ತೆಗೆದು ಬೋರ್ಡು ನೋಡುತ್ತಿದ್ದರು. ಒಬ್ಬಾಕೆ ನಟರಾಜುವನ್ನು ಪಕ್ಕಕ್ಕೆ ಕರೆದು ಕೇಳಿದ್ದಳು.

"ಇಲ್ಲಿ ಯಾರ ಮಕ್ಕಳು ಓದ್ತಾರೆ?"

"ಎಲ್ಲಾ ಒಳ್ಳೆ ಮನೆತನದ ಮಕ್ಳು ಮೇಡಂ."

"ಅಲ್ಲ, ನಮ್ಮ ಮಕ್ಕಳನ್ನ ಇಲ್ಲಿಗೆ ಕಳಿಸಲ್ಲ ಬಿಡಿ. ರೇಟಿಂಗ್ ಇದ್ರೆ ರೀಸೇಲ್ ಚೆನ್ನಾಗಿರುತ್ತೆ ಅಂತ ಕೇಳಿದೆ."

ಆ ದಿನ ಭಾನುಪ್ರಿಯ ಡೈರಿಯಲ್ಲಿ ಬರೆದಳು: 'ಯಾರೂ ಹೋಗದ ಶಾಲೆ, ಯಾರೂ ಕೂರದ ಕಕ್ಕಸು, ಯಾರೂ ಮನೆ ಕಟ್ಟದ ಸೈಟು.' ಬರೆದು ಖುಷಿಯಾಯಿತು. ಆಮೇಲೆ ನಾಚಿಕೆಯಾಯಿತು. ಡೈರಿಗೆ ಹೇಳಿದರೆ ಯಾರ ಬೀಗ ತೆಗೆಯುತ್ತದೆ?

ಎಲ್ಲ ಗಿರಾಕಿಗಳೂ ಬುದ್ಧಿವಂತರೇ ಆಗಿದ್ದರೆ ಇದು ಹೀಗೇ ನಡೆಯುತ್ತಿತ್ತು. ಆದರೆ ಚನ್ನಪಟ್ಟಣದ ಅನಂತರಾಜು ಎಂಬುವವರು ಜಾಹೀರಾತನ್ನು ನಂಬಿಬಿಟ್ಟರು. ಹೆದ್ದಾರಿ ಬದಿಯಲ್ಲಿ ಬೊಂಬೆ ಅಂಗಡಿ ಇಟ್ಟಿದ್ದವರು. ಸೈಟು ಕೊಂಡರು, ಮನೆ ಕಟ್ಟಿದರು, ಜೂನ್ ತಿಂಗಳಲ್ಲಿ ಮೊಮ್ಮಗಳ ಕೈ ಹಿಡಿದು ಶಾಲೆಗೇ ಬಂದುಬಿಟ್ಟರು. ಬಸವಕುಮಾರ್ ಮೇಷ್ಟ್ರಿಗೆ ದಿಕ್ಕು ತೋಚಲಿಲ್ಲ. ಲೇಔಟಿನಿಂದ ಮಗು ಸೇರಿಸಲು ಬಂದ ಮೊದಲ ಮನುಷ್ಯ.

ಹೆಸರು ಬರೆಸುವ ಮುಂಚೆಯೇ ಮಗುವಿಗೆ ಅವಸರವಾಯಿತು. ಕಕ್ಕಸಿಗೆ ಬೀಗ. ಬೀಗದ ಕೈ ಎಲ್ಲಿ ಎಂದರೆ ಸೈಟಿನ ಆಫೀಸಿನಲ್ಲಿ. ಅನಂತರಾಜು ಮಗುವನ್ನು ಪೊದೆಗೆ ಕರೆದುಕೊಂಡು ಹೋಗಿ ಬಂದು, ಬಾಗಿಲ ಮುಂದೆ ನಿಂತು, ತೋರಣವನ್ನು ಬೆರಳಿನಿಂದ ಮೇಲೆತ್ತಿ ಓದಿದರು. ಒಂದು ಸಲ ಓದಿದರು. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದರು. ಅಲ್ಲಿಂದ ನೇರ ಆಫೀಸಿಗೆ ಬಂದರು.

"ಅಮ್ಮಣ್ಣಿ, ನಾನು ಬೊಂಬೆ ಮಾರ್ದೋನು," ಎಂದರು ಭಾನುಪ್ರಿಯಳಿಗೆ. "ಬಣ್ಣ ಹೋಗೋ ಬೊಂಬೆಗೆ ಹೋಗಲ್ಲ ಅಂತ ಒಂದಿಷ್ಟು ಸುಳ್ಳು ನಾನೂ ಹೇಳಿದೀನಿ. ಆದ್ರೆ ಕಕ್ಕಸು ತೋರ್ಸಿ ಇಸ್ಕೂಲು ಅಂತ ಮಾರೋ ಕಲೆ ನಮ್ಮ ಮೂರು ತಲೆಮಾರಿಗೂ ಬರ್ಲಿಲ್ಲ ಕಣಮ್ಮ."

ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು. "ಸರ್ ಹತ್ತಿರ ಮಾತಾಡಿ" ಎಂದಳು.

ಅವರು ಸರ್ ಹತ್ತಿರ ಮಾತಾಡಲಿಲ್ಲ. ದೂರು ಕೊಟ್ಟರು. ಆ ಹೊತ್ತಿಗೆ ಇಂಥ ದೂರುಗಳು ಜಿಲ್ಲೆಯ ತುಂಬ ಇದ್ದವು. ರಾಮನಗರದ ಕಡೆಯ ಒಂದು ಲೇಔಟು ಇಂಟರ್‌ನ್ಯಾಷನಲ್ ಶಾಲೆ ಹತ್ತೇ ನಿಮಿಷ ಎಂದಿತ್ತು, ಹದ್ದಾಗಿ ಹಾರಿದರೆ. ಕನಕಪುರದ ಕಡೆ ಇನ್ನೂ ಪಾಯವನ್ನೇ ತೋಡದ ಶಾಲೆಗೆ ನಾಲ್ಕೂವರೆ ಸ್ಟಾರು. ಹಾಗಾಗಿ ಜಾಹೀರಾತಿನಲ್ಲಿ ಶಾಲೆಯ ರೇಟಿಂಗ್ ಬಳಸುವುದಕ್ಕೆ ಒಂದು ನಿಯಮ ತರಬೇಕೆಂದು ಜಿಲ್ಲಾಡಳಿತದವರು ಹೊರಟಿದ್ದರು. ಅದನ್ನು ಜಾರಿ ಮಾಡಿ ನೋಡಲು ಮೊದಲು ಸಿಕ್ಕ ಊರು ಕಲ್ಲುದೊಣೆಪಾಳ್ಯ. ಅಧಿಕಾರಿಯೊಬ್ಬರು ಬಂದು ಶಾಲೆಯಲ್ಲೇ ವಿಚಾರಣೆ ನಡೆಸುವರೆಂದು ತಿಳಿಸಿದರು.

ನಟರಾಜು ಹೆದರಲಿಲ್ಲ. ಹೆದರುವ ಜಾತಿಯೇ ಅಲ್ಲ ಅವನದು. ಆದರೆ ಅವತ್ತು ಭಾನುಪ್ರಿಯಳ ಮುಂದಿನ ಕುರ್ಚಿ ಎಳೆದುಕೊಂಡು ಮೆತ್ತಗೆ ಕೂತ.

"ನೋಡವ್ವ, ನಿಮ್ಮವ್ವ ಎಷ್ಟ್ ದಿನಾಂತ ಆ ಗಲೀಜಲ್ಲಿ ಬಿದ್ದಿರ್ತಾಳೆ. ನಂಗೂ ಹೆಣ್ಮಕ್ಳವ್ರೆ. ಈ ವಿಚಾರಣೆ ಒಂದು ಸಲೀಸಾಗಿ ಕಳೀಲಿ, ಅವಳ್ನ ಅಡುಗೆಮನೆಗೆ ಸೇರ್ಸ್‌ತೀನಿ. ನನ್ ಮಾತು."

ಅವಳು ತಲೆಯೆತ್ತಿದಳು.

"ನೀನೇನು ಮಾಡ್ಬೇಕಾಗಿಲ್ಲ. ಯಾವಾಗ್ಲೂ ಇರ್ತೀಯಲ್ಲ, ಅಂಗೇ ಸುಮ್ಕಿರು. ಅವ್ರು ಬರ್ಕೊ ಅಂದ್ರೆ ಬರ್ಕೊ, ಓದು ಅಂದ್ರೆ ಓದು. ನಿಮ್ಮವ್ವ ಯಾಕೆ ಕಕ್ಕಸು ತೊಳೀತಾಳೆ ಅಂತ ಮಾತ್ರ ಎಲ್ಲೂ ಬರಬಾರ್ದು. ಕಾಗದದಲ್ಲಿ ಅಡುಗೆಯೋಳು ಅಂತ ಐತಲ್ಲ, ಸುಮ್ನೆ ಮೇಷ್ಟ್ರ ಕೆಲ್ಸಕ್ಕೆ ಕುತ್ತು ಬತ್ತದೆ. ಸೀದಾ ಸೆಟ್ಲಾಗಿರೋದ್ನ ಯಾಕೆ ಕೆದಕೋದು?"

ಮನೆಗೆ ಬಂದು ಅವ್ವನಿಗೆ ಹೇಳಿದಳು. ಬೋರಮ್ಮ ಅಂಗೈಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಕೈ ನಿಂತಿತು.

"ನಿಜ್ವಾಗ್ಲೂ ಅಂದ್ನಾ?"

"ಅಂದ."

"ಒಲೆ ಮುಂದಕ್ಕಾ? ಇಲ್ಲ ಪಾತ್ರೆ ಬೆಳಗಾಕಾ?"

"ಅಡುಗೆಮನೆಗೆ ಅಂದ ಕಣವ್ವ."

ಬೋರಮ್ಮ ಎದ್ದು ಮಂಚದ ಕೆಳಗಿಂದ ಈಳಿಗೆಮಣೆ ಎಳೆದಳು. ತುಕ್ಕು ಹಿಡಿದಿತ್ತು. ಬೂದಿ ಹಾಕಿ ತಿಕ್ಕತೊಡಗಿದಳು.

"ಅವ್ವ, ಅವನು ಸುಮ್ಮನಿರು ಅಂದ. ನಿನ್ನ ವಿಷಯ ಯಾರಿಗೂ ಹೇಳಬೇಡ ಅಂದ."

"ಇರು ಮತ್ತೆ. ಹುಟ್ಟಿದಾಗಿಂದ ಸುಮ್ಕೇ ಅಲ್ವಾ ಇರೋದು ನೀನು, ಇನ್ನೊಂದು ದಿವ್ಸ ಇದ್ರೆ ಗಂಟಲು ಒಣಗೋದಾ?" ಎಂದು ನಕ್ಕಳು. ಆಮೇಲೆ ತಿಕ್ಕುತ್ತಲೇ ಹೇಳಿದಳು. "ನಾನು ಹೆಚ್ಚಿ ಹಾಕಿದ್ ಸಾರನ್ನ ಆ ಮಕ್ಳು ಒಂದ್ ದಿವ್ಸ ಉಣ್ಲಿ ಕಣ್ ಮಗ. ಒಂದೇ ಒಂದ್ ದಿವ್ಸ. ಆಮೇಲೆ ಏನಾರ ಆಗ್ಲಿ."

ಭಾನುಪ್ರಿಯ ಸುಮ್ಮನಿರಲು ತೀರ್ಮಾನಿಸಿದಳು. ಬಂದ ವಿದ್ಯೆ ಅದು, ಕಷ್ಟವೇನಿಲ್ಲ.

ವಿಚಾರಣೆಯ ದಿನ ಶಾಲೆಗೆ ಶಾಮಿಯಾನ ಬಂತು. ಮೇಜಿಗೆ ಹೂವಿನ ಬಟ್ಟೆ. ಕಕ್ಕಸಿನ ಬೀಗ ಬೆಳಿಗ್ಗೆಯೇ ತೆಗೆದಿತ್ತು, ಮಕ್ಕಳಿಗೆ ಮಾತ್ರ ಆ ಕಡೆ ಸುಳಿಯಬಾರದೆಂದು ಕಟ್ಟಪ್ಪಣೆ. ಬೋರ್ಡಿನ ತೋರಣವನ್ನು ನಟರಾಜು ತಾನೇ ಬಿಚ್ಚಿಸಿದ್ದ. ಅಧಿಕಾರಿ ನಿಖಾತ್ ಮೇಡಂ ಜೀಪಿನಿಂದ ಇಳಿದರು. ಚುರುಕು ಹೆಂಗಸು. ಹಾರ ಹಿಡಿದು ಬಂದವರನ್ನು ಕೈಸನ್ನೆಯಿಂದಲೇ ಕೂರಿಸಿದರು.

"ಮೊದಲು ದೂರು ಕೊಟ್ಟವರು ಹೇಳಿ."

ಅನಂತರಾಜು ಎದ್ದರು. "ಹೇಳೋಕೇನಿಲ್ಲ ಮೇಡಂ. ಜಾಹೀರಾತು ನೋಡಿ ಬಂದೆ. ಬೋರ್ಡು ಓದಿದೆ. ಈಗ ನಮ್ ನೆಂಟರೆಲ್ಲ ನನ್ನ ಕಕ್ಕಸಿನ ಪಕ್ಕದ ಅನಂತರಾಜು ಅಂತಾವ್ರೆ."

ಶಾಮಿಯಾನ ನಕ್ಕಿತು. ನಟರಾಜು ಎಲ್ಲರಿಗಿಂತ ಜೋರಾಗಿ ನಕ್ಕ.

"ನಗೋದಲ್ಲ," ಎಂದರು ಮೇಡಂ. "ಐದು ಸ್ಟಾರ್ ಶಾಲೆ ಅಂತ ಹೇಗೆ ಹಾಕಿದ್ರಿ?"

"ಮೇಡಂ, ಶಾಲೆಗೆ ಬಂದ ಸ್ಟಾರು ಶಾಲೇದಲ್ವಾ? ನಮ್ಮ ಮನೆ ಎಮ್ಮೆಗೆ ಬಹುಮಾನ ಬಂದ್ರೆ ಮನೆಗೆ ಬಂತು ಅನ್ನಲ್ವಾ?"

"ಎಮ್ಮೆಗೆ ಬಂದಿದ್ದನ್ನ ತೋರಿಸಿ ಮನೆ ಮಾರಿದ್ರೆ ಮೋಸ ಅಂತಾರೆ."

ಇನ್ನೊಂದು ನಗು. ಈ ಸಲ ನಟರಾಜು ನಗಲಿಲ್ಲ. ಪಕ್ಕಕ್ಕೆ ಬಾಗಿ ಭಾನುಪ್ರಿಯಳಿಗೆ "ಕಾಫಿ ಪಕೋಡ ಎಲ್ಲಿಗ್ ಬಂತು ನೋಡ್ಕಂಬಾ" ಎಂದ. ಸಿಟ್ಟು ಏರುವಾಗ ತಿನ್ನಲು ಕೊಡಬೇಕೆಂಬುದು ಅವನು ಕಂಡುಕೊಂಡ ಸತ್ಯ.

ಅವಳು ಹಿಂಬದಿಗೆ ಹೋದಳು. ಅಡುಗೆಮನೆಯ ಹೊರಗೆ, ಗೋಡೆಯ ನೆರಳಿನಲ್ಲಿ, ಗೋಣಿಚೀಲದ ಮೇಲೆ ಅವ್ವ ಕೂತಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಒಗೆದ ಸೀರೆ, ಮುಂದೆ ಈಳಿಗೆಮಣೆ, ರಾಶಿ ಈರುಳ್ಳಿ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಸೇರ್ಸ್ಕೊಂಡ್ರು ಕಣ್ ಮಗ," ಎಂದಳು. ಮುಖ ಅರಳಿತ್ತು. "ಇವತ್ತಿಂದ್ಲೇ ಅಂದ್ರು."

ಹೆಚ್ಚಿದ ಈರುಳ್ಳಿಯ ತಟ್ಟೆಯನ್ನು ಹೊಸ್ತಿಲ ಹತ್ತಿರ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. ಒಳಗಿಂದ ಮುಖ್ಯ ಅಡುಗೆಯ ಯಶೋಧಾ ಬಂದಳು. ತಟ್ಟೆಯ ಅಂಚನ್ನು ಸೆರಗಿನಿಂದ ಹಿಡಿದಳು. ಒಳಗೆ ಹೋಗಿ ಈರುಳ್ಳಿಯನ್ನು ಅರಿಶಿನ ಕದಡಿದ ನೀರಿಗೆ ಸುರಿದಳು. ಜಾಲಿಸಿದಳು. ಸೋಸಿದಳು. ಮತ್ತೊಂದು ಪಾತ್ರೆಯ ಅರಿಶಿನದ ನೀರಿಗೆ ಹಾಕಿ ಮತ್ತೆ ಜಾಲಿಸಿದಳು. ಪಕೋಡಕ್ಕೆ ಹೆಚ್ಚಿದ ಈರುಳ್ಳಿಯನ್ನು ತೊಳೆಯುವವರನ್ನು ಭಾನುಪ್ರಿಯ ಹುಟ್ಟಿದಾಗಿನಿಂದ ನೋಡಿರಲಿಲ್ಲ. ನೀರು ತಾಗಿದರೆ ಹಿಟ್ಟು ಹಿಡಿಯುವುದಿಲ್ಲ. ಅಡುಗೆ ಬಲ್ಲ ಯಾವ ಹೆಂಗಸಿಗೂ ಅದು ಗೊತ್ತು. ಯಶೋಧಾಳಿಗೂ ಗೊತ್ತು. ಪಕೋಡ ಕೆಟ್ಟರೂ ಸರಿಯೇ.

ಭಾನುಪ್ರಿಯ ಅವ್ವನನ್ನು ನೋಡಿದಳು. ಅವ್ವ ಮುಂದಿನ ಈರುಳ್ಳಿ ಕೈಗೆ ತೆಗೆದುಕೊಂಡಳು.

"ಘಾಟು ಹೋಗ್ಲಿ ಅಂತ ತೊಳೀತಾವ್ಳೆ," ಎಂದಳು ತಲೆಯೆತ್ತದೆ. "ಹೋಗು, ನಿಂಗೆ ಅಲ್ಲಿ ಕೆಲ್ಸ ಇರ್ತದೆ."

ಅಂದು ಖಾರ, ಇವತ್ತು ಘಾಟು. ಅಂದು ನಟರಾಜು ಹೇಳಿದ್ದ, ಇವತ್ತು ಅವನು ಬಾಯಿ ತೆಗೆಯುವ ಕೆಲಸವೂ ಇಲ್ಲದ ಹಾಗೆ ಅವ್ವ ತಾನೇ ಹೇಳಿಕೊಂಡಿದ್ದಳು. ಒಂದು ಊರು ಒಬ್ಬ ಹೆಂಗಸಿಗೆ ಕೊಡಬಹುದಾದ ತರಬೇತಿ ಇದಕ್ಕಿಂತ ಹೆಚ್ಚಿಲ್ಲ.

ಭಾನುಪ್ರಿಯ ಮರಳಿ ಬಂದಾಗ ಎಲ್ಲ ತಣ್ಣಗಾಗಿತ್ತು. ದಾರಿ ಸಿಕ್ಕಿಬಿಟ್ಟಿತ್ತು. ನಿಖಾತ್ ಮೇಡಂ ನಿಯಮ ವಿವರಿಸುತ್ತಿದ್ದರು. ರೇಟಿಂಗ್ ಹಾಕಬೇಡಿ ಎಂದು ಯಾರೂ ಹೇಳುವುದಿಲ್ಲ. ಹಾಕಿದರೆ ಯಾರು ಕೊಟ್ಟರು, ಯಾವುದಕ್ಕೆ ಕೊಟ್ಟರು, ಯಾವ ಆಧಾರದ ಮೇಲೆ ಬಂತು, ಅಷ್ಟನ್ನೂ ಹಾಕಬೇಕು.

"ಸಣ್ಣ ಅಕ್ಷರದಲ್ಲಿ ಹಾಕಬೌದಾ ಮೇಡಂ?" ನಟರಾಜು ಕೇಳಿದ.

"ಸ್ಟಾರು ಎಷ್ಟು ದೊಡ್ಡದೋ ಅಷ್ಟೇ ದೊಡ್ಡದು."

"ಕಕ್ಕಸು ಅಂತ್ಲೇ ಹಾಕ್ಬೇಕಾ? ಸಾವನದುರ್ಗದ ಪಕ್ಕ ಚೆನ್ನಾಗಿ ಕಾಣಲ್ವಲ್ಲ."

"ನೈರ್ಮಲ್ಯ ಶ್ರೇಷ್ಠತೆ ಅನ್ನಬಹುದು," ಎಂದರು ಬಸವಕುಮಾರ್ ಮೇಷ್ಟ್ರು.

"ಶೌಚಾಲಯ ಅನ್ನೋ ಪದ ಇರಲೇಬೇಕು," ಎಂದರು ಮೇಡಂ.

"ಇರಲೇಬೇಕು," ಎಂದರು ಮೇಷ್ಟ್ರು.

ಅನಂತರಾಜು ಒಪ್ಪಿದರು. ಅವರ ಮೊಮ್ಮಗಳು ಬಂದಾಗ ಬೀಗ ತೆಗೆದುಕೊಡುವುದಾಗಿ ನಟರಾಜು ಮಾತು ಕೊಟ್ಟ. ಉಳಿದ ಮಕ್ಕಳ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ, ಹಾಗಾಗಿ ಅದು ವಿಚಾರಣೆಗೆ ಬರಲಿಲ್ಲ. ನ್ಯಾಯ ಎಂದರೆ ಅಚ್ಚುಕಟ್ಟು.

"ಕೊನೇದು, ಆಧಾರ," ಎಂದರು ಮೇಡಂ. "ಸ್ಟಾರು ಯಾಕೆ ಬಂತು? ಕಾರಣ ಹಾಕಬೇಕು. ನಾಳೆ ಯಾರಾದರೂ ಕೇಳಿದರೆ ಉತ್ತರ ಇರಬೇಕು."

ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು ಹೇಳಿದರು: "ಎಸ್‌ಡಿಎಂಸಿಯ ಮಾರ್ಗದರ್ಶನ, ಗ್ರಾಮಸ್ಥರ ಸಹಭಾಗಿತ್ವ ಮತ್ತು ಶಿಕ್ಷಕರ ಶ್ರಮದ ಫಲವಾಗಿ."

"ಬರ್ಕೊಳವ್ವ ಭಾನು," ಎಂದ ನಟರಾಜು. ಅವಳು ಬರೆದುಕೊಂಡಳು. ಅಕ್ಷರಗಳು ಎಂದಿನಂತೆ ದುಂಡಗೆ ಬಂದವು.

"ಎಲ್ಲರಿಗೂ ಕೇಳೋ ಹಾಗೆ ಒಮ್ಮೆ ಓದಿಬಿಡಿ," ಎಂದರು ಮೇಡಂ. "ಯಾರದ್ದಾದರೂ ಆಕ್ಷೇಪ ಇದ್ದರೆ ಈಗಲೇ ಹೇಳಲಿ."

ಪಕೋಡದ ತಟ್ಟೆಗಳು ಬರುತ್ತಿದ್ದವು. ಹಿಟ್ಟು ಬಿಟ್ಟುಕೊಂಡು ಈರುಳ್ಳಿ ಬೇರೆ, ಹಿಟ್ಟು ಬೇರೆ ಬೆಂದಿತ್ತು. ಜನ ತಿನ್ನುತ್ತಿದ್ದರು. ಭಾನುಪ್ರಿಯ ಎದ್ದು ನಿಂತಳು.

"ವಿದ್ಯಾಶಿಖರ ಎನ್‌ಕ್ಲೇವ್," ಎಂದು ಓದಿದಳು. "ಶೌಚಾಲಯ ನೈರ್ಮಲ್ಯಕ್ಕಾಗಿ ಐದು ನಕ್ಷತ್ರ ಪಡೆದ ಸರ್ಕಾರಿ ಶಾಲೆಯ ಸಮೀಪ. ನಕ್ಷತ್ರ ಬರಲು ಕಾರಣ..."

ನಿಂತಿತು.

"ಓದವ್ವ," ಎಂದ ನಟರಾಜು ಬಾಯಲ್ಲಿ ಪಕೋಡ ಇಟ್ಟುಕೊಂಡೇ. "ಬರ್ದೈತಲ್ಲ."

ಅವಳು ಕಾಗದದ ಕಡೆ ನೋಡಲಿಲ್ಲ. ಅಡುಗೆಮನೆಯ ಕಡೆಯಿಂದ ಅವ್ವ ಗೋಡೆ ಹಿಡಿದು ಇಣುಕುತ್ತಿದ್ದಳು, ಮಗಳು ದೊಡ್ಡವರ ಮುಂದೆ ಓದುವುದನ್ನು ಕೇಳಲು. ಬೇಡ ಎಂಬಂತೆ ತಲೆ ಆಡಿಸಿದಳು. ಹೇಳು ಎಂದೇ ಆಡಿಸಿದಳೋ ಏನೋ, ಅಷ್ಟು ದೂರದಿಂದ ಗೊತ್ತಾಗಲಿಲ್ಲ.

"ಓದಿ," ಎಂದರು ಮೇಡಂ. "ಕಾರಣ?"

"ನಮ್ಮವ್ವ ಮುಟ್ಟಿದ್ದನ್ನ ಈ ಊರು ಉಣ್ಣಲ್ಲ ಮೇಡಂ," ಎಂದಳು ಭಾನುಪ್ರಿಯ. "ಅದಕ್ಕೇ ಅವಳನ್ನ ಅಡುಗೆಮನೆಯಿಂದ ಎಬ್ಬಿಸಿ ಕಕ್ಕಸಿಗೆ ಹಾಕಿದ್ರು."